ಮಿರುಗುವ ಟ್ಯಾಂಕಿಗೆ ಒಂದು ರೇಟು, ನೆಟ್ಟಗೆ ಓಡುವುದಕ್ಕೆ ಇನ್ನೊಂದು

ಹೊಸಕೋಟೆಯ ಗೋಡೌನೊಂದರಲ್ಲಿ ಸೂಪರ್‌ವೈಸರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿ ಮೊನ್ನೆ ಫೋನ್ ಮಾಡಿದ್ದ. ಪೂರ್ತಿ ರಿಸ್ಟೋರ್ ಮಾಡಿರುವ ಯೆಜ್ಡಿ ರೋಡ್‌ಕಿಂಗ್ ಬೈಕೊಂದು 1.6 ಲಕ್ಷಕ್ಕೆ ಸಿಗುತ್ತಿದೆಯಂತೆ. ಕೈಯಲ್ಲಿ ನಲವತ್ತು ಸಾವಿರ ಇದೆ, ಮಿಕ್ಕಿದ್ದಕ್ಕೆ ಆ್ಯಪಿನಲ್ಲಿ ಪ್ರೀ-ಅಪ್ರೂವ್ಡ್ ಲೋನ್ ತೋರಿಸುತ್ತಿದೆ. "ಓಡ್ಸೋಕಷ್ಟೇ ಅಲ್ಲ ಸಾರ್, ಇದು ಇನ್ವೆಸ್ಟ್‌ಮೆಂಟು. ನಿಮ್ಮ ಗಾಡೀನೇ ನೋಡಿ, ಹದಿನೆಂಟು ಸಾವಿರಕ್ಕೆ ತಗೊಂಡಿದ್ರಿ, ಈಗ ಒಂದೂವರೆ ಲಕ್ಷಕ್ಕೆ ಕೇಳ್ತಾವ್ರೆ" ಅಂದ.

ಅವನು ಹೇಳಿದ ಎರಡೂ ಅಂಕಿ ನಿಜ. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದ 2008ರಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರೊಬ್ಬರಿಂದ 1985ರ ರೋಡ್‌ಕಿಂಗನ್ನು 18,000ಕ್ಕೆ ಕೊಂಡೆ. 2025ರಲ್ಲಿ ಬೆಂಗಳೂರಿನಿಂದ ಬಂದವರೊಬ್ಬರು ಅದಕ್ಕೆ 1.5 ಲಕ್ಷ ಕೊಡಲು ಸಿದ್ಧರಿದ್ದರು. 17 ವರ್ಷಕ್ಕೆ ಸಿಎಜಿಆರ್, ಅಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಬೆಳೆದ ದರ, ತೆಗೆದರೆ ಶೇ 13.3. ಯಾವ ಎಫ್‌ಡಿಯಲ್ಲೂ ಇಷ್ಟು ಹುಟ್ಟುವುದಿಲ್ಲ. ಹಳೆಯ ಬೈಕು ಮಾರುವವರ ಬಾಯಲ್ಲಿ ಬರುವುದೆಲ್ಲ ಇದೇ ಲೆಕ್ಕ. ಕೊಂಡ ದಿನದ ಬೆಲೆ ಹೇಳುತ್ತಾರೆ, ಮಾರುವ ದಿನದ ಬೆಲೆ ಹೇಳುತ್ತಾರೆ. ನಡುವಿನ ಹದಿನೇಳು ವರ್ಷ ಆ ಗಾಡಿ ಏನು ತಿಂದಿತು ಎಂಬುದನ್ನು ಹೇಳುವುದಿಲ್ಲ. ನನ್ನ ಬಳಿ ಅದರ ಲೆಕ್ಕ ಇದೆ. ಕಾಮರ್ಸ್ ಮೇಷ್ಟ್ರಾದ್ದರಿಂದ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ.

ಗಾಡಿ ಕೊಂಡ ಮರುವರ್ಷವೇ ಎಂಜಿನ್ ಬಿಚ್ಚಬೇಕಾಯಿತು. ರೀಬೋರ್, ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡು, ಬೇರಿಂಗುಗಳು ಎಲ್ಲ ಸೇರಿ 11,000. ಇದು ನ್ಯಾಯವಾದ ಖರ್ಚು, ಇದರ ಬಗ್ಗೆ ತಕರಾರಿಲ್ಲ. ದುಬಾರಿಯಾದದ್ದು 2013ರ ನಿರ್ಧಾರ. ಗಾಡಿಯನ್ನು ಕಾರ್ಖಾನೆಯಿಂದ ಬಂದ ದಿನ ಇದ್ದಂತೆ ಮಾಡಿಸಬೇಕು ಎಂದು 60,000 ಪರ್ಸನಲ್ ಲೋನ್ ತೆಗೆದೆ. ಬೆಂಗಳೂರಿನ ವರ್ಕ್‌ಶಾಪೊಂದರಲ್ಲಿ ತಿಂಗಳುಗಟ್ಟಲೆ ಕೆಲಸ ನಡೆಯಿತು. ಕ್ರೋಮಿಗೆ 17,000. ಟ್ಯಾಂಕು, ಪಕ್ಕದ ಡಬ್ಬಿ, ಮಡ್‌ಗಾರ್ಡುಗಳ ಪೇಂಟಿಗೂ ಅದರ ಮೇಲೆ ಕೈಯಲ್ಲಿ ಎಳೆದ ಚಿನ್ನದ ಬಣ್ಣದ ಗೆರೆಗೂ 9,000. ಮಿಕ್ಕಿದ್ದು ಜೋಡಿ ಸೈಲೆನ್ಸರ್, ಸೀಟು, ಮೀಟರು, ವೈರಿಂಗ್, ಕೂಲಿ. ಗಾಡಿ ಮನೆಗೆ ಬಂದ ದಿನ ಬೀದಿಯವರೆಲ್ಲ ಬಂದು ನೋಡಿದರು. ಟ್ಯಾಂಕಿನಲ್ಲಿ ಮುಖ ಕಾಣುತ್ತಿತ್ತು.

ಆ ವಾರವೇ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಬರುತ್ತಿದ್ದೆ. ಈಗ ದಾಬಸ್‌ಪೇಟೆಯಿಂದ ಹೊಸಕೋಟೆವರೆಗೆ ಅಗಲವಾದ ಹೊಸ ಹೆದ್ದಾರಿ ಆಗಿದೆ. ಆಗ ಅದು ಹಳೆಯ ರಾಷ್ಟ್ರೀಯ ಹೆದ್ದಾರಿ 207, ಎದುರಿಗೆ ಜಲ್ಲಿ ಲಾರಿ ಬಂದರೆ ಒಬ್ಬರು ಮಣ್ಣಿಗೆ ಇಳಿಯಲೇಬೇಕಾದಂಥ ರಸ್ತೆ. ಬಲಕ್ಕೆ ತಿರುಗುವ ಒಂದು ಉದ್ದನೆಯ ತಿರುವಿನಲ್ಲಿ ಗಾಡಿ ವಾಲಿಸಿದೆ. ಮುಂದಿನ ಚಕ್ರ ನಾನು ಹೇಳಿದ ಕಡೆ ಹೋಯಿತು, ಹಿಂದಿನದು ಒಂದು ಕ್ಷಣ ತಡವಾಗಿ, ಕಡಾಣಿ ಸಡಿಲಾದ ಎತ್ತಿನ ಗಾಡಿಯ ಹಾಗೆ ತನ್ನಷ್ಟಕ್ಕೆ ಹೊರಳಿ ಬಂತು. ಥ್ರಾಟಲ್ ಬಿಟ್ಟರೆ ಹ್ಯಾಂಡಲ್ ಎರಡೂ ಕಡೆಗೆ ಅದುರತೊಡಗಿತು. ಹಿಂದಿನ ಬ್ರೇಕ್ ಒತ್ತಿದೆ. ಕಿರ್ರೆಂದು ಸದ್ದು ಬಂತೇ ಹೊರತು ವೇಗ ಇಳಿಯಲಿಲ್ಲ. ಎದುರಿನ ಲಾರಿಯವನು ಎಡಕ್ಕೆ ಎಳೆದುಕೊಂಡದ್ದರಿಂದ ಉಳಿದೆ.

ಗಾಡಿಯನ್ನು ನಮ್ಮೂರಿನ ಹಿರಿಯ ಮೆಕ್ಯಾನಿಕ್ ಬಳಿ ಒಯ್ದೆ. ಟ್ಯಾಂಕಿನ ಕಡೆ ಅವರು ನೋಡಲೇ ಇಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಫ್ರೇಮ್ ಹಿಡಿದು ಇನ್ನೊಂದು ಕೈಯಲ್ಲಿ ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿದರು. ಟಕ್, ಟಕ್ ಎಂದು ಸದ್ದು. ನನ್ನ ಬೆರಳನ್ನು ಹಿಡಿದು ಸ್ವಿಂಗ್ ಆರ್ಮ್ ಫ್ರೇಮಿಗೆ ಸೇರುವ ಸಂದಿಗೆ ಇಟ್ಟು ಮತ್ತೆ ಅಲ್ಲಾಡಿಸಿದರು. ಕಬ್ಬಿಣ ಅತ್ತಿತ್ತ ಸರಿಯುವುದು ಬೆರಳಿಗೇ ಗೊತ್ತಾಯಿತು. "ಮೇಲ್‌ ಮೇಲೆಲ್ಲ ಚೆನ್ನಾಗ್ ಮಾಡವ್ರೆ ಮೇಷ್ಟ್ರೇ. ಬುಷ್ ಪೂರಾ ತಿಂದೋಗೈತೆ, ಯಾರೂ ಮುಟ್ಟೇ ಇಲ್ಲ" ಅಂದರು. ಆಮೇಲೆ ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಯನ್ನು ಬಟ್ಟೆಯಲ್ಲಿ ಒರೆಸಿ ತೋರಿಸಿದರು: 3104. 2004ರ 31ನೇ ವಾರದಲ್ಲಿ ತಯಾರಾದ ಟೈರು. ಗುಂಡಿ ಎಲ್ಲ ಹಾಗೇ ಇದೆ, ರಬ್ಬರು ಮಾತ್ರ ಗಟ್ಟಿಯಾಗಿ ಹೋಗಿದೆ. ವರ್ಕ್‌ಶಾಪಿನವರು ಅದಕ್ಕೇ ಕಪ್ಪು ಪಾಲಿಶ್ ಹಚ್ಚಿ ಹೊಳೆಯಿಸಿದ್ದರು.

ಲೇತಿನಲ್ಲಿ ಹೊಸ ಬುಷ್ ಕಡೆಸಿ ಕೂರಿಸಲು 700. ಹ್ಯಾಂಡಲ್ ಕೆಳಗಿನ ಕೋನ್ ಸೆಟ್ 450. ಎರಡೂ ಬ್ರೇಕ್ ಶೂಗೆ ಹೊಸ ಲೈನರ್ 600. ಟೈರು, ಟ್ಯೂಬು ಎರಡು ಜೊತೆ 3,600. ಹಿಂದಿನ ಶಾಕ್ ಅಬ್ಸಾರ್ಬರ್ 1,600. ಒಟ್ಟು 6,950. ಅದೇ ತಿರುವಿನಲ್ಲಿ ಮತ್ತೆ ಹೋದಾಗ ಗಾಡಿ ಹಳಿಯ ಮೇಲಿದ್ದಂತೆ ತಿರುಗಿತು ಎಂದು ಹೇಳುವುದಿಲ್ಲ. 250 ಸಿಸಿ ಟೂ ಸ್ಟ್ರೋಕ್ ಎಂಜಿನ್, ಡ್ರಮ್ ಬ್ರೇಕ್, 6 ವೋಲ್ಟಿನ ಮಂಕು ಹೆಡ್‌ಲೈಟು ಇರುವ ಗಾಡಿ ಅದರ ಕಾಲದ ಗಾಡಿಯೇ. ಆದರೆ ಏನು ಮಾಡುತ್ತದೆ ಎಂದು ನಂಬಬಹುದಾಗಿತ್ತು. ಸವೆದದ್ದನ್ನು ಬದಲಿಸಿದ ಮೇಲೆ ಅದರ ಫ್ರೇಮಿನಲ್ಲಿ ನನಗೆ ದೋಷ ಕಾಣಲಿಲ್ಲ.

ಈಗ ನಾನು ಹೇಳಬೇಕೆಂದಿರುವ ವಿಷಯ. 1.5 ಲಕ್ಷಕ್ಕೆ ಕೇಳಿದವರು ಗಾಡಿಯ ಸುತ್ತ ಮೂರು ಸಲ ಸುತ್ತಿದರು, ಕ್ರೋಮಿನ ಫೋಟೋ ತೆಗೆದರು, ಜೋಡಿ ಸೈಲೆನ್ಸರಿನ ಸದ್ದು ಕೇಳಿ ಕಣ್ಣು ಅರಳಿಸಿದರು. ಬುಷ್ ಬಗ್ಗೆ ಕೇಳಲಿಲ್ಲ, ಟೈರಿನ ತಾರೀಖು ನೋಡಲಿಲ್ಲ, ಒಂದು ರೌಂಡ್ ಓಡಿಸಿ ನೋಡುತ್ತೇನೆ ಎಂದೂ ಅನ್ನಲಿಲ್ಲ. ಹಳೆಯ ಬೈಕಿನ ಮಾರುಕಟ್ಟೆ ಕೊಡುವುದು ಕಣ್ಣಿಗೆ ಕಾಣುವುದಕ್ಕೆ. ನಿಮ್ಮ ಕೈಕಾಲು ಉಳಿಸುವ 6,950ಕ್ಕೆ ಅಲ್ಲಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಹಾಗಾಗಿ ಹೂಡಿಕೆ ಎಂದು ಗಾಡಿ ಕೊಂಡವನು ತನಗೆ ಗೊತ್ತಿಲ್ಲದೆಯೇ ದುಡ್ಡನ್ನೆಲ್ಲ ಟ್ಯಾಂಕಿಗೆ ಸುರಿಯುತ್ತಾನೆ, ಬ್ರೇಕಿಗೆ ಕೈ ಬಿಗಿ ಮಾಡುತ್ತಾನೆ. ಹೂಡಿಕೆ ಎಂಬ ಮಾತಿನ ಮೇಲೆ ನನ್ನ ಸಿಟ್ಟಿರುವುದು ಇದಕ್ಕೇ.

ಇದು ನಮ್ಮ ಯೆಜ್ಡಿಯೊಂದರ ಕಥೆಯಲ್ಲ. ನೆಲಮಂಗಲದ ಗೆಳೆಯನ ಬಳಿ ರಾಜದೂತ್ 350 ಇತ್ತು. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಯಮಹಾ ಆರ್‌ಡಿ350ಯನ್ನು ಇಲ್ಲಿ ತಯಾರಿಸತೊಡಗಿದಾಗ ಜಪಾನಿನ ಗಾಡಿಯ ಮುಂದಿನ ಡಿಸ್ಕ್ ಬ್ರೇಕಿನ ಜಾಗಕ್ಕೆ ಡ್ರಮ್ ಬಂತು. ಎರಡು ಸಿಲಿಂಡರ್, 30 ಬಿಎಚ್‌ಪಿ ಆಸುಪಾಸಿನ ಶಕ್ತಿ, ನಿಲ್ಲಿಸಲು ಡ್ರಮ್. ತುಮಕೂರು ರಸ್ತೆಯಲ್ಲಿ ಅವನ ಹಿಂದೆ ಕೂತು ಹೋಗಿದ್ದೇನೆ. ಬಸ್ಸೊಂದು ಮುಂದೆ ನಿಂತಾಗ ಅವನು ಬ್ರೇಕ್ ಲಿವರನ್ನು ಹಿಡಿಕೆಗೆ ತಾಗುವಷ್ಟು ಹಿಸುಕಿದ, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಕೊನೆಗೆ ಮಣ್ಣಿಗಿಳಿಸಿ ನಿಲ್ಲಿಸಿದ. ಒಂದು ಕಾಲಕ್ಕೆ ಪೆಟ್ರೋಲ್ ಕುಡಿಯುತ್ತದೆ ಎಂದು ಯಾರಿಗೂ ಬೇಡವಾಗಿದ್ದ ಆ ಗಾಡಿಯ ಮಾತು ಈಗ ಲಕ್ಷಗಳಲ್ಲಿ ನಡೆಯುತ್ತದೆ. ಹೊರದೇಶದಲ್ಲೂ ಇದೇ ಕಥೆ. 1969ರಲ್ಲಿ ಬಂದ ಕವಾಸಾಕಿ ಎಚ್1, 500 ಸಿಸಿಯ ಮೂರು ಸಿಲಿಂಡರ್ ಟೂ ಸ್ಟ್ರೋಕ್. ಅದರ 60 ಬಿಎಚ್‌ಪಿಗೆ ಫ್ರೇಮ್ ಸಾಲದೆ ತಿರುವಿನಲ್ಲಿ ತೊಯ್ದಾಡುತ್ತಿತ್ತು, ಸವಾರರ ಹೆಂಡಂದಿರನ್ನು ವಿಧವೆ ಮಾಡುವ ಗಾಡಿ ಎಂದೇ ಹೆಸರಾಯಿತು. ಆ ಕುಖ್ಯಾತಿಯೇ ಇವತ್ತು ಅದರ ಬೆಲೆ ಏರಿಸಿದೆ. ಓಡಿಸಲು ಎಷ್ಟು ಕಷ್ಟ ಎಂಬುದು ಕೊಳ್ಳುವವರ ಲೆಕ್ಕಕ್ಕೆ ಬರುವುದೇ ಇಲ್ಲ.

ದೇವನಹಳ್ಳಿಯ ನಮ್ಮ ಮಾವನವರ ಹಳೆಯ ಬುಲೆಟ್ಟನ್ನೂ ಕೆಲವು ಕಾಲ ಓಡಿಸಿದೆ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ದಿನವೂ ಅದನ್ನೇ ಓಡಿಸುವವರಿಗೆ ಏನೂ ಅನ್ನಿಸದು. ನನ್ನ ಹಾಗೆ ವಾರವೆಲ್ಲ ಹೊಸ ಗಾಡಿ, ಭಾನುವಾರ ಹಳೆಯದು ಎನ್ನುವವರಿಗೆ ಗಾಬರಿಯಾದಾಗ ಕಾಲು ಹೋಗುವುದು ಅಭ್ಯಾಸವಾದ ಕಡೆಗೆ. ನಾಯಿ ಅಡ್ಡ ಬಂದಾಗ ಬ್ರೇಕ್ ಎಂದು ಗೇರು ತುಳಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ.

ಯೆಜ್ಡಿಯ ಬೆಲೆ ಏಕೆ ಏರಿತು ಎಂಬುದಕ್ಕೆ ಕಾರಣ ಕಷ್ಟದ್ದೇನಲ್ಲ. ಇರಾನಿ ಕುಟುಂಬದವರು ಮೈಸೂರಿನಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲ ಜಾವಾ ಹೊರಬಂದದ್ದು 1961ರಲ್ಲಿ. 1973ರಿಂದ ಯೆಜ್ಡಿ ಎಂಬ ಹೆಸರು, 1978ರಲ್ಲಿ ರೋಡ್‌ಕಿಂಗ್, 1996ರಲ್ಲಿ ಬೀಗ. ಆ ಗಾಡಿಗಳು ಮತ್ತೆ ಹುಟ್ಟುವುದಿಲ್ಲ. 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯೊಂದರಿಂದ ಮರಳಿ ಬಂತು, ಆದರೆ ಅವು ಬೇರೆಯೇ ಎಂಜಿನ್ನಿನ ಬೇರೆಯೇ ಗಾಡಿಗಳು. ಅಪ್ಪನ ಗಾಡಿಯ ನೆನಪಿರುವ ತಲೆಮಾರಿನ ಕೈಯಲ್ಲಿ ಈಗ ಸಂಬಳ ಇದೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಬೆಂಗಳೂರಿನಲ್ಲಿ ಸಾಲುಗಟ್ಟಿ ನಿಲ್ಲುವ ಗಾಡಿಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಆ ನೆನಪು ಇನ್ನೊಂದು ತಲೆಮಾರಿಗೆ ಇರುತ್ತದೆಯೇ, ಇಪ್ಪತ್ತು ವರ್ಷದ ನಂತರ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ ಓಡಿಸಲು ಯಾರಿಗೆ ಮನಸ್ಸಿರುತ್ತದೆ ಎಂಬುದರ ಮೇಲೆ ಮುಂದಿನ ಬೆಲೆ ನಿಂತಿದೆ.

ಈಗ ಲೆಕ್ಕಕ್ಕೆ ಬರೋಣ. ಸಾಲದಿಂದಲೇ ಶುರು ಮಾಡುತ್ತೇನೆ. ಬ್ಯಾಂಕಿನವರು ಹೇಳಿದ್ದು ಫ್ಲಾಟ್ ಶೇ 9. 60,000ಕ್ಕೆ ಮೂರು ವರ್ಷದ ಬಡ್ಡಿ 16,200, ಒಟ್ಟು 76,200, ಇಎಂಐ 2,117. ಪ್ರತಿ ತಿಂಗಳೂ ಅಸಲು ಇಳಿಯುತ್ತಿರುವಾಗ ಬಡ್ಡಿಯನ್ನು ಪೂರ್ತಿ ಅಸಲಿನ ಮೇಲೇ ಹಾಕಿದ್ದರಿಂದ ಅದು ರೆಡ್ಯೂಸಿಂಗ್ ಲೆಕ್ಕದಲ್ಲಿ ಶೇ 16ಕ್ಕೂ ಮೇಲೆ. ಅಷ್ಟಕ್ಕೇ ಮುಗಿಯಲಿಲ್ಲ. ಪ್ರೊಸೆಸಿಂಗ್ ಫೀ 1,200, ನಾನು ಕೇಳದಿದ್ದ ಲೋನ್ ಇನ್ಶೂರೆನ್ಸಿಗೆ 1,800 ಮುರಿದುಕೊಂಡು ಕೈಗೆ ಬಂದದ್ದು 57,000. ಅದರ ಮೇಲೆ ಲೆಕ್ಕ ಹಾಕಿದರೆ ದರ ಹತ್ತಿರಹತ್ತಿರ ಶೇ 20. ಬಾಯಲ್ಲಿ 9, ಜೇಬಿನಿಂದ 20. ಈ ಪ್ರೀ-ಅಪ್ರೂವ್ಡ್ ಲೋನ್ ಎಂಬುದರ ಬಗ್ಗೆ ಒಳ್ಳೆಯ ಮಾತು ನನ್ನಿಂದ ಬರುವುದಿಲ್ಲ. ಅಪ್ರೂವ್ ಆಗಿರುವುದು ನಿಮ್ಮ ಸಂಬಳ, ನಿಮ್ಮ ಅಗತ್ಯವಲ್ಲ. ರಾತ್ರಿ ಹನ್ನೊಂದಕ್ಕೆ ಗಾಡಿಯ ಫೋಟೋ ನೋಡುತ್ತಿರುವಾಗ ಅದೇ ಫೋನಿನಲ್ಲಿ ಎರಡು ಬೆರಳಿನ ದೂರದಲ್ಲಿ ಸಾಲ ಇರುವುದು ಯಾರಿಗೂ ಒಳ್ಳೆಯದಲ್ಲ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಎಲ್ಲ ರಿಟೇಲ್ ಸಾಲಕ್ಕೂ ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಕಡ್ಡಾಯ ಮಾಡಿದೆ. ಅದರಲ್ಲಿ ಫೀಸೆಲ್ಲ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಬರೆದಿರಲೇಬೇಕು. ಇಎಂಐ ಎಷ್ಟು ಎಂದು ಕೇಳುವ ಮೊದಲು ಆ ಒಂದು ಸಾಲು ಓದಿ.

ಮುಂದೆ. ಇನ್ಶೂರೆನ್ಸ್, ಆರ್‌ಸಿ ನವೀಕರಣ, ಟೈರು, ಲೈನರ್, ಪಾಯಿಂಟು, ಕಂಡೆನ್ಸರ್, ಬ್ಯಾಟರಿ, ವರ್ಷಕ್ಕೊಮ್ಮೆ ಕಾರ್ಬನ್ ತೆಗೆಸುವುದು ಎಲ್ಲ ಸೇರಿ, ಪೆಟ್ರೋಲ್ ಬಿಟ್ಟು, ವರ್ಷಕ್ಕೆ ಸರಾಸರಿ 5,000. ಮೇಲಿನ 6,950 ಕೂಡ ಇದರೊಳಗೇ ಇದೆ. ಹದಿನೇಳು ವರ್ಷಕ್ಕೆ 85,000. ಕೊಂಡದ್ದು 18,000, ಎಂಜಿನ್ 11,000, ಸಾಲದ ಕಂತು 76,200, ಇದು 85,000: ಬರೀ ಕೂಡಿದರೇ 1,90,200. ಕೇಳಿದ ಬೆಲೆ 1,50,000. ಬಡ್ಡಿಯ ಮಾತೆತ್ತುವ ಮೊದಲೇ 40,200 ಕಡಿಮೆ.

ಅದೇ ದುಡ್ಡು ಶೇ 7ರಲ್ಲಿ ಬೆಳೆದಿದ್ದರೆ? ನಾನು ಬೇಕೆಂದೇ ಕಡಿಮೆ ದರ ಹಿಡಿದಿದ್ದೇನೆ. ಕಳೆದ ಹದಿನೇಳು ವರ್ಷದಲ್ಲಿ ಪಿಪಿಎಫ್ ಯಾವತ್ತೂ ಶೇ 7ಕ್ಕಿಂತ ಕೆಳಗೆ ಇಳಿದಿಲ್ಲ. 2008ರ 18,000 ಈಗ 56,900 ಆಗುತ್ತಿತ್ತು. 2009ರ 11,000 ಸುಮಾರು 32,500. ವರ್ಷಕ್ಕೆ 25,400ರಂತೆ ಮೂರು ವರ್ಷ ಕಟ್ಟಿದ ಕಂತು, 1,50,100. ವರ್ಷವರ್ಷದ 5,000 ಸೇರಿ 1,54,200. ಒಟ್ಟು 3.94 ಲಕ್ಷ. ಒಂದೂವರೆ ಲಕ್ಷ ಕಳೆದರೆ 2.44 ಲಕ್ಷದ ಅಂತರ. ಬೇರೆ ಗಾಡಿ ಇದ್ದಿದ್ದರೂ ವರ್ಷದ ಖರ್ಚು ಇದ್ದೇ ಇರುತ್ತಿತ್ತಲ್ಲ ಎಂದು ವಾದಿಸುವವರಿಗಾಗಿ ಆ ಸಾಲನ್ನು ಪೂರ್ತಿ ಹೊಡೆದುಹಾಕಿದೆ. ಆಗಲೂ ಮಿಕ್ಕ ಮೂರು ಸಾಲು ಸೇರಿ 2.39 ಲಕ್ಷ, ಕೇಳಿದ ಒಂದೂವರೆ ಲಕ್ಷಕ್ಕಿಂತ ಹೆಚ್ಚೇ. ಕಂತಿನ ಸಾಲೊಂದೇ ಗಾಡಿಯ ಇಂದಿನ ಬೆಲೆಗೆ ಸಮ ಎಂಬುದನ್ನು ಗಮನಿಸಿ. ಹೊಳಪಿಗೆ ಮಾಡಿದ ಸಾಲ ಇಡೀ ಗಾಡಿಯನ್ನೇ ನುಂಗಿದೆ.

2.44 ಲಕ್ಷವನ್ನು ಹದಿನೇಳು ವರ್ಷದ ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1,200. ಇದು ಆ ಗಾಡಿ ಇಟ್ಟುಕೊಂಡದ್ದರ ನಿಜವಾದ ಬೆಲೆ. ಘಾಟಿಯ ದನಗಳ ಜಾತ್ರೆಗೆ ಚಳಿಗಾಲದ ಬೆಳಗ್ಗೆ ಮಗಳನ್ನು ಕೂರಿಸಿಕೊಂಡು ಹೋದದ್ದು, ಮಾಕಳಿ ಬೆಟ್ಟದ ಬದಿಯ ರಸ್ತೆಯಲ್ಲಿ ಥ್ರಾಟಲ್ ಬಿಟ್ಟಾಗ ಜೋಡಿ ಸೈಲೆನ್ಸರ್ ಮಾಡುವ ಆ ಸದ್ದು, ತೂಬಗೆರೆಯಲ್ಲಿ ಗಾಡಿ ನಿಲ್ಲಿಸಿದರೆ ವಯಸ್ಸಾದವರೊಬ್ಬರು ಬಂದು ಟ್ಯಾಂಕ್ ಸವರಿ ತಮ್ಮ ಕಾಲದ ಗಾಡಿಯ ಕಥೆ ಶುರು ಮಾಡುವುದು, ಇವಕ್ಕೆ ತಿಂಗಳಿಗೆ 1,200 ಕೊಡಬಹುದೇ ಎಂದರೆ ನಾನು ಸಂತೋಷದಿಂದ ಕೊಡುತ್ತೇನೆ. ಕೊಟ್ಟಿದ್ದೇನೆ. ಒಂದೂವರೆ ಲಕ್ಷಕ್ಕೂ ಮಾರಲಿಲ್ಲ. ನಾನು ಅದನ್ನು ಬರೆದುಕೊಳ್ಳುವುದು ಖರ್ಚಿನ ಪುಟದಲ್ಲಿ, ಅಷ್ಟೇ. ಖರ್ಚು ಎಂದು ಒಪ್ಪಿಕೊಂಡವನು ಬುಷ್ ಬದಲಿಸುತ್ತಾನೆ, ಆರು ವರ್ಷ ದಾಟಿದ ಟೈರನ್ನು ಎಸೆಯುತ್ತಾನೆ, ಸಾಲ ಮಾಡಿ ಕ್ರೋಮ್ ಹಾಕಿಸುವುದಿಲ್ಲ.

ವಿದ್ಯಾರ್ಥಿಗೆ ಇದನ್ನೇ ಹೇಳಿದೆ. ಲೋನ್ ಬೇಡಪ್ಪಾ, ತಿಂಗಳಿಗೆ ಐದು ಸಾವಿರದಂತೆ ಕೂಡಿಡು, ಒಂದು ವರ್ಷ ಬಿಟ್ಟು ರಿಸ್ಟೋರ್ ಆಗದ ಗಾಡಿ ಹುಡುಕು. ಪೇಂಟ್ ಮಾಸಿದ, ಕ್ರೋಮ್ ಹೋದ, ಆದರೆ ದಿನವೂ ಓಡುತ್ತಿರುವ ಗಾಡಿ ಅಗ್ಗಕ್ಕೂ ಸಿಗುತ್ತದೆ, ಅದರ ರೋಗ ಕಣ್ಣಿಗೂ ಕಾಣುತ್ತದೆ. ಹೊಸ ಪೇಂಟಿನ ಕೆಳಗೆ ಏನಿದೆ ಎಂದು ಯಾರಿಗೂ ಕಾಣದು. ಮೊದಲ ಹತ್ತು ಸಾವಿರ ಬ್ರೇಕು, ಬುಷ್, ಟೈರಿಗೆ; ಆಮೇಲೆ ಎಂಜಿನ್ನು; ಬಣ್ಣ ಕೊನೆಗೆ, ಅದೂ ಕೈಯಲ್ಲಿ ದುಡ್ಡಿದ್ದರೆ.

ದುಡ್ಡಿದ್ದವರಿಗೂ ಒಂದು ಮಾತು. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಜಮೀನಿನ ಹಣ ಎಷ್ಟೋ ಮನೆಗಳಿಗೆ ಒಂದೇ ಸಲಕ್ಕೆ ಬಂದಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಮಿ ಬಿಡುವುದಿಲ್ಲ ಎಂದು ವರ್ಷಗಟ್ಟಲೆ ಹೋರಾಡಿ, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಡುವಂತೆ ಮಾಡಿದರು. ಭೂಮಿಯ ಬೆಲೆ ಏನೆಂದು ಅವರಿಗೆ ಗೊತ್ತಿತ್ತು. ಅದೇ ತಾಲ್ಲೂಕಿನಲ್ಲಿ ಅಪ್ಪನ ಜಮೀನಿನ ಹಣದಲ್ಲಿ ಹಳೆಯ ಯಮಹಾ ಆರ್‌ಎಕ್ಸ್ 100ಗೆ ಲಕ್ಷಕ್ಕೂ ಮೇಲೆ ಕೊಟ್ಟು, ಹೆಲ್ಮೆಟ್ಟಿಗೆ ಸಾವಿರ ರೂಪಾಯಿ ಬಿಚ್ಚದ ಹುಡುಗರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಹುಡುಗರೇ, ಗಾಡಿ ಕೊಳ್ಳಿ, ಬೇಡ ಅನ್ನುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಗಾಡಿಗೆ ಹಾಕಿದ ಒಂದೊಂದು ರೂಪಾಯಿಯನ್ನೂ ಅದೇ ದಿನ ಬರೆಯಿರಿ. ಬರೆಯುವ ಕೈ ಎರಡು ಸಲ ಯೋಚಿಸುತ್ತದೆ. ತಿಂಗಳ ಸಂಬಳದಲ್ಲಿ ಗಾಡಿಗೆ ಇಷ್ಟು ಎಂದು ಮೊದಲೇ ತೆಗೆದಿಡಿ, ಅದು ಮುಗಿದರೆ ಮುಂದಿನ ತಿಂಗಳವರೆಗೆ ಗಾಡಿ ನಿಂತಿರಲಿ. ಹಳೆಯ ಗಾಡಿಗೆ ಕಾಯುವುದು ಹೊಸದೇನಲ್ಲ.

ಕಾಗದದ ವಿಷಯದಲ್ಲಿ ಉದಾಸೀನ ಬೇಡ. 150ರಿಂದ 350 ಸಿಸಿ ಗಾಡಿಯ ಥರ್ಡ್ ಪಾರ್ಟಿ ಪ್ರೀಮಿಯಂ 1,366, ಜಿಎಸ್‌ಟಿ ಸೇರಿ 1,612. ಅದು ಇಲ್ಲದೆ ರಸ್ತೆಗಿಳಿಯಬೇಡಿ. ಐದು ವರ್ಷ ದಾಟಿದ ಗಾಡಿಯ ಐಡಿವಿ, ಅಂದರೆ ಇನ್ಶೂರೆನ್ಸಿಗೆ ಹಿಡಿಯುವ ಗಾಡಿಯ ಬೆಲೆ, ನೀವೂ ಇನ್ಶೂರೆನ್ಸ್ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳುವ ಅಂಕಿ, ಹಾಗಾಗಿ ನೀವು ಕೊಟ್ಟ 1.6 ಲಕ್ಷವನ್ನೇ ಅವರೂ ಒಪ್ಪುತ್ತಾರೆ ಎಂದುಕೊಳ್ಳಬೇಡಿ. ಆರ್‌ಸಿ ನವೀಕರಣ ಆಗಿದೆಯೇ ನೋಡಿ. ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿಯಂತೆ ದಂಡ ಬೆಳೆಯುತ್ತದೆ, ಅದು ಗಾಡಿಯ ಜೊತೆ ನಿಮ್ಮ ಮನೆಗೇ ಬರುತ್ತದೆ. ಎಂಜಿನ್, ಚಾಸಿ ನಂಬರನ್ನು ನಿಮ್ಮ ಕೈಯಿಂದಲೇ ಉಜ್ಜಿ ಆರ್‌ಸಿಯ ಜೊತೆ ತಾಳೆ ನೋಡಿ. ಗುಜರಿಯಿಂದ ತಂದ ಎಂಜಿನ್ ಕೂರಿಸಿದ ಗಾಡಿಗಳು ಬೇಕಾದಷ್ಟಿವೆ. ಮಾರುವವನು ವಿಂಟೇಜ್ ಎಂದರೆ ನಂಬಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯಷ್ಟೇ ವಿಂಟೇಜ್. ಹಾಗೆ ಹೊಸದಾಗಿ ನೋಂದಾಯಿಸಲು ಶುಲ್ಕ 20,000, ಮತ್ತು ನೋಂದಾಯಿಸಿದ ಮೇಲೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. 1978ರ ಮೊದಲ ರೋಡ್‌ಕಿಂಗಿಗೂ ಆ ವಯಸ್ಸು ಬರುವುದು 2028ರಲ್ಲಿ. ಅಲ್ಲಿಯವರೆಗೆ ಆ ಪದಕ್ಕೆ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡುವ ಅಗತ್ಯವಿಲ್ಲ.